ಅತ್ತೆಯ ಕೈ, ದೋಣಿಯ ಚುಕ್ಕಾಣಿ

ಅತ್ತೆಯ ಕೈ ನಡುಗುತ್ತದೆ ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ ದಿನದಿಂದ ಅವರಿಗೆ ಲೋಟದ ತುಂಬ ಕಾಫಿ ಕೊಡುವುದು ನಿಂತುಹೋಯಿತು. ಅರ್ಧ ಲೋಟ ಮಾತ್ರ. ಕೊಡುತ್ತಿದ್ದವಳು ನನ್ನ ನಾದಿನಿ. ಅವಳದು ಔಷಧದ ಅಂಗಡಿ, ಹಾಗಾಗಿ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ಹೇಳುವ ಅಧಿಕಾರವೂ ಅವಳದೇ. ಅತ್ತೆ ಒಂದು ಮಾತೂ ಆಡದೆ ಆ ಅರ್ಧ ಲೋಟ ಕುಡಿದು ಕೆಳಗಿಡುತ್ತಿದ್ದರು. ನೋಡುತ್ತ ನಿಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯವರೆಲ್ಲ ಅಂದೆನಲ್ಲ, ಅಂದರೆ ನನ್ನ ಗಂಡ ಮತ್ತು ನಾದಿನಿ. ನನ್ನನ್ನು ಯಾರೂ ಕೇಳಿರಲಿಲ್ಲ.

ಇದೆಲ್ಲ ಶುರುವಾದದ್ದು ದೋಣಿಯಲ್ಲಿ. ನಮ್ಮದು ಹಳೆಯ ಮರದ ಹಾಯಿದೋಣಿ. ನನ್ನ ಗಂಡನಿಗಿಂತ ವಯಸ್ಸಿನಲ್ಲಿ ದೊಡ್ಡದು, ಅವರಿಗಿಂತ ಹೆಚ್ಚು ಮಾತು ಕೇಳುವಂಥದ್ದು. ಮದುವೆಯಾದ ಹೊಸದರಲ್ಲಿ ಅತ್ತೆ ಮಾವ ಯಾರೋ ಬೇಡವೆಂದು ಬಿಟ್ಟಿದ್ದನ್ನು ತಂದು, ಕೆರೆದು, ಬಣ್ಣ ಬಳಿದು ನೀರಿಗಿಳಿಸಿದ್ದರಂತೆ. ಮಾವ ಇರುವಷ್ಟು ದಿನ ಹಾಯಿ ಅವರದು, ಚುಕ್ಕಾಣಿ ಅತ್ತೆಯದು. ಮಾವ ಹೋದ ಮೇಲೆ ಹಾಯಿಯ ಹಗ್ಗ ನನ್ನ ಗಂಡನ ಕೈಗೆ ಬಂತು. ಚುಕ್ಕಾಣಿ ಮಾತ್ರ ಅತ್ತೆಯ ಹತ್ತಿರವೇ ಉಳಿಯಿತು. ವರ್ಷಕ್ಕೊಮ್ಮೆ ನಮ್ಮ ಕೊಲ್ಲಿಯಲ್ಲಿ ಹಳೆಯ ದೋಣಿಗಳ ಪಂದ್ಯ ನಡೆಯುತ್ತದೆ. ಅತ್ತೆ ಹಿಂದೆ ಕೂತು, ಎರಡೇ ಬೆರಳಲ್ಲಿ ಚುಕ್ಕಾಣಿ ಹಿಡಿದು ದೋಣಿ ನಡೆಸುವುದನ್ನು ನೋಡಲೆಂದೇ ದಡಕ್ಕೆ ಬಂದು ನಿಲ್ಲುವವರಿದ್ದಾರೆ. ನಾನು ಅವರನ್ನು ಮೊದಲು ನೋಡಿದ್ದೂ ಹಾಗೆಯೇ. ಮಗನನ್ನು ನಾನು ಒಪ್ಪಿದ್ದರಲ್ಲಿ ತಾಯಿಯ ಪಾಲು ದೊಡ್ಡದಿದೆ ಎಂದು ಎಷ್ಟೋ ಸಲ ಹೇಳಿದ್ದೇನೆ. ಗಂಡ ಅದನ್ನು ತಮಾಷೆ ಅಂದುಕೊಂಡಿದ್ದಾರೆ.

ಪಂದ್ಯಕ್ಕೆ ಒಂದು ವಾರ ಇದ್ದಾಗ ಅಭ್ಯಾಸಕ್ಕೆ ಹೋಗಿದ್ದೆವು. ಹಿಂದಿನಿಂದ ಹಗುರವಾದ ಗಾಳಿ. ದೋಣಿ ನೆಟ್ಟಗೆ ಹೋಗುವುದು ಬಿಟ್ಟು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮೂತಿ ತಿರುಗಿಸುತ್ತಿತ್ತು. ಪಂದ್ಯದ ದಾರಿಗೆಂದು ತೇಲಿಬಿಟ್ಟ ಕಿತ್ತಳೆ ಬಣ್ಣದ ಡ್ರಮ್ಮಿಗೆ ಇನ್ನೇನು ಬಡಿಯಿತು ಎನ್ನುವಾಗ ಗಂಡ ಹಿಂದಕ್ಕೆ ಹಾರಿ ಚುಕ್ಕಾಣಿಯ ಹಿಡಿಯನ್ನು ಕಿತ್ತುಕೊಂಡರು. ಕಿತ್ತುಕೊಳ್ಳುವ ಮೊದಲು ಒಂದು ಕ್ಷಣ ಎಲ್ಲರ ಕಣ್ಣೂ ಆ ಹಿಡಿಯ ಮೇಲಿತ್ತು. ಅತ್ತೆಯ ಕೈ ಗಡಗಡ ನಡುಗುತ್ತಿತ್ತು.

“ಟಕ್ ಟಕ್ ಅಂತ ಹೊಡ್ಕೊಳ್ತಾ ಇದೆ ಕಣೋ ಇದು” ಎಂದರು ಅತ್ತೆ.

“ಏನೂ ಹೊಡ್ಕೊಳ್ತಿಲ್ಲಮ್ಮ. ನೋಡು, ನಾನು ಹಿಡ್ದಿದೀನಲ್ಲ, ಬಂಡೆ ಥರ ಇದೆ.”

ನನ್ನ ಗಂಡ ಚುಕ್ಕಾಣಿ ಹಿಡಿಯುವ ರೀತಿಯನ್ನು ಹೇಳಬೇಕು. ಹಿಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಓಡಿಹೋಗುವ ಮೇಕೆಯನ್ನು ಅವುಚಿಕೊಂಡವರ ಹಾಗೆ ಇಡೀ ಮೈಭಾರ ಅದರ ಮೇಲೆ ಹಾಕಿ ಕೂರುತ್ತಾರೆ. ಅವರ ಕೈಯಲ್ಲೂ ದೋಣಿ ಸೊಟ್ಟಸೊಟ್ಟಗೇ ಹೋಗುತ್ತಿತ್ತು, ಅದಕ್ಕೆ ಅವರು ಗಾಳಿಯನ್ನು ಬೈದರು. ದಡಕ್ಕೆ ಬಂದು ದೋಣಿಯನ್ನು ಗಾಡಿಯ ಮೇಲೆ ಎಳೆದಮೇಲೆ ಮೊಣಕಾಲೂರಿ ಕೂತು ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಾಡಿಸಿದರು. ಅದು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಎದ್ದು ಕೈ ಒರೆಸಿಕೊಂಡರು, ಅಮ್ಮನ ಮುಖ ನೋಡಲಿಲ್ಲ.

ಅಂದು ಸಂಜೆಯೇ ತೀರ್ಮಾನವಾಯಿತು. ಈ ಸಲ ಪಂದ್ಯದಲ್ಲಿ ಚುಕ್ಕಾಣಿ ಗಂಡನದು. ಅತ್ತೆ ದೋಣಿಯ ಮುಂಭಾಗದಲ್ಲಿ ಒಂದು ಮೆತ್ತೆ ಹಾಕಿಕೊಂಡು ಕೂತಿರಲಿ.

“ಇರಬಹುದಪ್ಪ, ವಯಸ್ಸಾಯ್ತಲ್ಲ” ಎಂದರು ಅತ್ತೆ. ಅವತ್ತಿನಿಂದ ಅವರು ಕೂತಲ್ಲಿ ನಿಂತಲ್ಲಿ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿರುತ್ತಿದ್ದರು. ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹಾಗೆ ಒಪ್ಪಿಕೊಂಡುಬಿಟ್ಟದ್ದು ಮಾತ್ರ ಸಹಿಸಲಾಗಲಿಲ್ಲ.

ಶುಕ್ರವಾರ ನಾನು ಅಂಗಡಿ ಬೇಗ ಮುಚ್ಚಿ ಮನೆಗೆ ಬಂದೆ. ನನ್ನದು ಸೈಕಲ್ ರಿಪೇರಿ ಅಂಗಡಿ. ಅದಕ್ಕೇ ಗಂಡ ನನ್ನನ್ನು ಪಂಕ್ಚರ್ ಮೇಡಂ ಎನ್ನುವುದು. ಅತ್ತೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಹಾಯಿಯ ಅಂಚು ಬಿಚ್ಚಿದ್ದನ್ನು ಹೊಲಿಯುತ್ತಿದ್ದರು. ದಾರ ಮುಗಿಯಿತು. ಹೊಸ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ಪೋಣಿಸಿಬಿಟ್ಟರು. ನನಗಾದರೆ ನಾಲ್ಕು ಸಲ ತಪ್ಪಿ, ನಾಲ್ಕು ಬೈಗುಳ ಬಂದು, ಆಮೇಲೆ ಹೋಗುತ್ತದೆ.

“ಅತ್ತೆ, ನಿಮ್ಮ ಕೈ ಎಲ್ಲಿ ನಡುಗ್ತಿದೆ?”

“ಇಲ್ಲಿ ನಡುಗಲ್ಲಮ್ಮ, ದೋಣೀಲಿ ನಡುಗುತ್ತೆ.”

“ದೋಣೀಲಿ ಮಾತ್ರ ನಡುಗೋದಾದ್ರೆ ಕಾಯಿಲೆ ದೋಣಿಗೆ. ನಡೀರಿ, ತೋರಿಸ್ತೀನಿ.”

ಅತ್ತೆ ಬರಲಿಲ್ಲ. ಹೊಲಿಗೆ ಮುಗಿಸಬೇಕು ಎಂದರು. ಗಂಡ ಬಂದರು, ನನ್ನ ಕಾಲೆಳೆಯುವ ಅವಕಾಶವನ್ನು ಅವರು ಯಾವತ್ತೂ ಬಿಟ್ಟವರಲ್ಲ.

ದೋಣಿ ಗಾಡಿಯ ಮೇಲೆಯೇ ಇತ್ತು. ಚುಕ್ಕಾಣಿ ಎಂದರೆ ಬೇರೇನಲ್ಲ, ದೋಣಿಯ ಬೆನ್ನಿಗೆ ಬಾಗಿಲಿನ ಹಾಗೆ ತೂಗಿಹಾಕಿದ ಒಂದು ಉದ್ದನೆಯ ಮರದ ಹಲಗೆ. ದೋಣಿಯ ಬೆನ್ನಿನಲ್ಲಿ ಮೇಲೊಂದು ಕೆಳಗೊಂದು ಕಂಚಿನ ಬಳೆಗಳಿವೆ. ಹಲಗೆಗೆ, ತುದಿ ಕೆಳಮುಖವಾಗಿ, ಎರಡು ಕೀಲುಗಳಿವೆ. ಕೀಲುಗಳು ಬಳೆಯೊಳಗೆ ಇಳಿದು ಕೂರುತ್ತವೆ, ಹಲಗೆ ಅತ್ತ ಇತ್ತ ತಿರುಗುತ್ತದೆ. ಹಲಗೆಯ ನೆತ್ತಿಯಿಂದ ದೋಣಿಯೊಳಕ್ಕೆ ಚಾಚಿಕೊಂಡ ಕೋಲೇ ಹಿಡಿ. ಇಷ್ಟೇ.

ನಮ್ಮ ಕಸುಬಿನಲ್ಲಿ ಸಡಿಲ ಭಾಗಕ್ಕೆ ಪ್ಲೇ ಇದೆ ಎನ್ನುತ್ತೇವೆ. ಅದನ್ನು ಕಣ್ಣಲ್ಲಿ ಹುಡುಕಿದರೆ ಸಿಗುವುದಿಲ್ಲ. ಎರಡು ಭಾಗ ಸೇರುವ ಕಡೆ ಬೆರಳನ್ನು ಅರ್ಧ ಇದರ ಮೇಲೆ, ಅರ್ಧ ಅದರ ಮೇಲೆ ಇಟ್ಟು, ಇನ್ನೊಬ್ಬರಿಗೆ ಅಲುಗಾಡಿಸಲು ಹೇಳಬೇಕು. ಸಡಿಲವಿದ್ದರೆ ಬೆರಳಿಗೆ ಗೊತ್ತಾಗುತ್ತದೆ. ಗಂಡ ಹಲಗೆ ಅಲುಗಾಡಿಸಿದರು, ನಾನು ಕೆಳಗಿನ ಕೀಲಿಗೆ ಬೆರಳಿಟ್ಟೆ. ಏನೂ ಇಲ್ಲ. ಮೇಲಿನ ಕೀಲಿಗೆ ಇಟ್ಟೆ, ಅಲ್ಲೂ ಏನೂ ಇಲ್ಲ. ಹಿಡಿ ಹಲಗೆಗೆ ಸೇರುವ ಬೋಲ್ಟಿನ ಹತ್ತಿರ ಇಟ್ಟೆ. ಇಷ್ಟೇ ಇಷ್ಟು ಅಲುಗಿತು.

“ಸಿಕ್ತು!” ಎಂದು ನಾನು ಕೂಗಿದ್ದಕ್ಕೆ ಪಕ್ಕದ ದೋಣಿಗೆ ಬಣ್ಣ ಬಳಿಯುತ್ತಿದ್ದವರು ಕುಂಚ ಬೀಳಿಸಿಕೊಂಡರು.

ವಾಷರ್ ಹಾಕಿ, ಸ್ಪ್ಯಾನರಿನಲ್ಲಿ ಹಲ್ಲು ಕಚ್ಚಿ ಬಿಗಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮನೆಗೆ ಹೋಗಿ ಅತ್ತೆಯ ಮುಂದೆ ನಿಂತು, ರೋಗ ಸಿಕ್ಕಿತು, ಮದ್ದೂ ಆಯಿತು, ಭಾನುವಾರ ಚುಕ್ಕಾಣಿ ನಿಮ್ಮದೇ ಎಂದು ಸಾರಿದೆ. ಅತ್ತೆಯ ಮುಖದಲ್ಲಿ ಆಸೆ ಮೂಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಅಷ್ಟು ಬೇಗ ಆ ಆಸೆ ಹುಟ್ಟಿಸಬಾರದಿತ್ತು.

ಶನಿವಾರ ಬೆಳಿಗ್ಗೆ ನಾಲ್ವರೂ ನೀರಿಗಿಳಿದೆವು. ಅತ್ತೆ ತಮ್ಮ ಜಾಗದಲ್ಲಿ ಕೂತು ಎರಡು ಬೆರಳಲ್ಲಿ ಹಿಡಿ ಹಿಡಿದರು. ಗಂಡ ಹಾಯಿ ಎಳೆದರು. ದೋಣಿ ದಡದ ಕಟ್ಟೆ ಬಿಟ್ಟು ಸ್ವಲ್ಪ ದೂರ ಚೆನ್ನಾಗಿಯೇ ಹೋಯಿತು. ನಾನು ಗೆದ್ದವಳ ಹಾಗೆ ನಾದಿನಿಯ ಕಡೆ ನೋಡಿದೆ. ಅಷ್ಟರಲ್ಲಿ ದೋಣಿ ವೇಗ ಹಿಡಿಯಿತು, ಮೂತಿ ಎಡಕ್ಕೆ ಹೊರಳಿತು, ಅತ್ತೆ ಬಿಸಿ ಪಾತ್ರೆ ಮುಟ್ಟಿದವರಂತೆ ಹಿಡಿಯಿಂದ ಕೈ ತೆಗೆದರು. ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

“ಬಿಡಮ್ಮ” ಎಂದರು ನನಗೆ. “ನೀನು ಇಷ್ಟು ಮಾಡಿದ್ಯಲ್ಲ, ಸಾಕು.”

ಗಂಡ ಹಿಡಿಯನ್ನು ಕಂಕುಳಿಗೆ ಸೇರಿಸಿಕೊಂಡು ಮೆಲ್ಲಗೆ ಹೇಳಿದರು, “ಇನ್ನು ಈ ವಿಷಯ ಎತ್ಬೇಡ ಕಣೇ. ಅಮ್ಮಂಗೆ ಸುಮ್ನೆ ಬೇಜಾರು.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೆಲ್ಲಗೆ ಹೇಳಿದ್ದಕ್ಕೆ ನನಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟು ಬಂತು. ನಾನು ಈ ದೋಣಿಯಲ್ಲಿ ಯಾವತ್ತೂ ಚುಕ್ಕಾಣಿ ಮುಟ್ಟಿದವಳಲ್ಲ. ಗಾಳಿ ಜೋರಾದಾಗ ದೋಣಿ ಮಗುಚದಂತೆ ಒಂದು ಪಕ್ಕಕ್ಕೆ ಭಾರ ಹಾಕಿ ಕೂರುವುದೇ ನನ್ನ ಕೆಲಸ, ಆ ಕೆಲಸಕ್ಕೆ ದೇವರು ನನಗೆ ಯಾವ ಕೊರತೆಯನ್ನೂ ಮಾಡಿಲ್ಲ. ಆದರೆ ಆಗ ಎದ್ದು ಹೋಗಿ ಗಂಡನನ್ನು ಪಕ್ಕಕ್ಕೆ ತಳ್ಳಿದೆ.

“ಏಳ್ರೀ, ನಾನು ನೋಡ್ತೀನಿ.”

“ನಿಂಗೆ ಬರಲ್ಲ ಕಣೇ!”

“ಬರದಿದ್ರೆ ಮುಳುಗೋಣ. ಏಳಿ.”

ಅತ್ತೆ ಹಿಡಿಯುತ್ತಿದ್ದ ಹಾಗೆಯೇ ಎರಡು ಬೆರಳಲ್ಲಿ ಹಿಡಿದೆ. ದೋಣಿ ಓಡುತ್ತಿತ್ತು. ಮೊದಲು ಕೋಲಿನಲ್ಲಿ ನೀರಿನ ಹರಿವು ಮಾತ್ರ ಗೊತ್ತಾಯಿತು. ಆಮೇಲೆ ಬಂತು: ಟಕ್. ಸ್ವಲ್ಪ ತಡೆದು ಮತ್ತೆ ಟಕ್. ಆಮೇಲೆ ಟಕಟಕಟಕ ಎಂದು ಬೆರಳಿಂದ ಮೊಣಕೈವರೆಗೆ ಹತ್ತಿತು. ನಾನು ಕೈ ನೋಡಿಕೊಂಡೆ.

“ನೋಡಿ! ನನ್ನ ಕೈ ನೋಡಿ! ನಡುಗ್ತಾ ಇದೆ! ನಂಗೂ ವಯಸ್ಸಾಯ್ತಾ? ಹೇಳಿ, ನಂಗೂ ಅರ್ಧ ಲೋಟಾನಾ?”

“ನಿಂಗೆ ಹಿಡಿಯೋಕೆ ಬರಲ್ಲ, ಅದಕ್ಕೆ…” ಎಂದು ಗಂಡ ಶುರು ಮಾಡಿದರು.

“ಬಾರೇ ಇಲ್ಲಿ” ಎಂದು ನಾದಿನಿಯನ್ನು ಎಳೆದು ಕೂರಿಸಿದೆ. “ಎರಡೇ ಬೆರಳು. ಬಿಗಿಯಾಗಿ ಹಿಡಿದ್ಯೋ ನೀರಿಗೆ ತಳ್ತೀನಿ.”

ಅವಳು ಹಿಡಿದಳು. ಮೊದಲು ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಬಾಯಿ ತೆರೆದುಕೊಂಡಿತು. “ಅತ್ತಿಗೆ… ಅತ್ತಿಗೆ, ಇದೇನಿದು, ಒಳಗೆ ಯಾರೋ ಕದ ತಟ್ತಾ ಇದಾರೆ!”

ಉಳಿದವರು ಗಂಡ. ಅವರನ್ನು ಒಪ್ಪಿಸುವುದೇ ಕಷ್ಟವಾಯಿತು. ಕೋಲು ಕೈಗೆ ಸಿಕ್ಕ ಕೂಡಲೇ ಅಭ್ಯಾಸಬಲದಿಂದ ಅದು ಕಂಕುಳಿಗೆ ಹೋಗುತ್ತಿತ್ತು. “ಕಂಕುಳಿಂದ ತೆಗೀರಿ! ಬೆರಳು! ಎರಡು!” ಎಂದು ನಾನೂ ನಾದಿನಿಯೂ ಒಟ್ಟಿಗೆ ಕಿರುಚಿದೆವು. ಕೊನೆಗೆ ಹಿಡಿದರು. ದಪ್ಪನೆಯ ಆ ಎರಡು ಬೆರಳು, ಮಣಿಕಟ್ಟು, ಮುಂಗೈ ಎಲ್ಲ ಅಮ್ಮನ ಕೈ ನಡುಗಿದ ಹಾಗೆಯೇ ನಡುಗಿದವು. ಅವರು ಆ ಕೈಯನ್ನೇ ನೋಡುತ್ತ ಕೂತರು. ಹಾಯಿ ಪಟಪಟ ಬಡಿದುಕೊಳ್ಳುತ್ತಿತ್ತು, ಅದನ್ನು ಎಳೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

“ದಡದಲ್ಲಿ ಬಂಡೆ ಥರ ಇತ್ತಲ್ಲ” ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

ಪ್ರಶ್ನೆ ಅದೇ ಆಗಿತ್ತು. ದಡದಲ್ಲಿ ಬಿಗಿ, ನೀರಿನಲ್ಲಿ ಸಡಿಲ. ಸೈಕಲ್ಲಿನಲ್ಲೂ ಇಂಥದ್ದು ಉಂಟು. ಅಂಗಡಿಯಲ್ಲಿ ನಿಲ್ಲಿಸಿದಾಗ ಏನೂ ಇಲ್ಲ, ಮೇಲೆ ಮನುಷ್ಯ ಕೂತ ಕೂಡಲೇ ಸದ್ದು. ಭಾರ ಬಿದ್ದಾಗ ಒಂದು ಥರ, ಭಾರ ಇಲ್ಲದಾಗ ಇನ್ನೊಂದು ಥರ. ಚುಕ್ಕಾಣಿಯ ಮೇಲೆ ಯಾರು ಕೂರುತ್ತಾರೆ? ಯಾರೂ ಇಲ್ಲ. ಆದರೆ ಅದು ಮರ. ಮರ ನೀರಿನಲ್ಲಿ ತೇಲುತ್ತದೆ!

“ಕಟ್ಟೆಗೆ ತಿರುಗಿಸಿ!” ಎಂದೆ. “ಬೇಗ!”

ದೋಣಿಯನ್ನು ಕಟ್ಟೆಗೆ ಕಟ್ಟಿ, ನಾನು ಹಿಂಬದಿಯ ಅಂಚಿನ ಮೇಲೆ ಹೊಟ್ಟೆ ಹಾಕಿ ಮಲಗಿ ತಲೆಕೆಳಗಾಗಿ ಜೋತುಬಿದ್ದೆ. ಗಂಡ ನನ್ನ ಕಾಲು ಹಿಡಿದುಕೊಂಡರು.

“ಬಿಟ್ಟುಬಿಡ್ಲಾ?” ಎಂದರು. ಅಂಥ ಹೊತ್ತಿನಲ್ಲೂ ಈ ಮನುಷ್ಯನಿಗೆ ಚೇಷ್ಟೆ.

ರಕ್ತವೆಲ್ಲ ಮುಖಕ್ಕೆ ಇಳಿದು ಕಣ್ಣು ಮಂಜಾಗಿತ್ತು. ಆದರೂ ಮೇಲಿನ ಕೀಲು ಮೂಗಿನ ನೇರಕ್ಕೇ ಇತ್ತು. ನಿನ್ನೆ ದಡದಲ್ಲಿ ಚುಕ್ಕಾಣಿಯ ಹಲಗೆ ತನ್ನ ಭಾರಕ್ಕೆ ಇಳಿದು, ಕೀಲು ಬುಡದವರೆಗೂ ಬಳೆಯೊಳಗೆ ಕೂತಿತ್ತು. ಈಗ ಹಲಗೆಯನ್ನು ನೀರು ಮೇಲಕ್ಕೆತ್ತಿತ್ತು. ಕೀಲಿನ ಬುಡಕ್ಕೂ ಬಳೆಗೂ ನಡುವೆ ನನ್ನ ಹೆಬ್ಬೆರಳು ಹೋಗುವಷ್ಟು ಸಂದು. ಬಳೆಯೊಳಗೆ ಈಗ ಇದ್ದದ್ದು ಕೀಲಿನ ಕೆಳಭಾಗ.

“ಎದ್ದು ನಿಂತಿದೆ! ಎದ್ದು ನಿಂತಿದೆ ಕಣ್ರೀ!”

“ಯಾರು?”

“ಚುಕ್ಕಾಣಿ! ಏಯ್, ಹಿಡಿ ಅಲ್ಲಾಡಿಸೇ!”

ನಾದಿನಿ ಹಿಡಿ ಅಲ್ಲಾಡಿಸಿದಳು. ಟಕ್ ಟಕ್ ಎಂದು ನನ್ನ ಕಣ್ಣೆದುರೇ ಕೀಲು ಬಳೆಯೊಳಗೆ ಹೊರಳಾಡಿತು. ನಾನು ಎರಡೂ ಕೈಯಿಂದ ಹಲಗೆಯನ್ನು ಕೆಳಕ್ಕೆ ಒತ್ತಿ ಹಿಡಿದೆ.

“ಈಗ?”

“ನಿಂತೋಯ್ತು!”

ಒತ್ತಿದ್ದನ್ನು ಬಿಟ್ಟೆ. “ಈಗ?”

“ಬಂತು! ಮತ್ತೆ ಬಂತು, ಅತ್ತಿಗೆ!”

ನನ್ನನ್ನು ಮೇಲಕ್ಕೆಳೆದಾಗ ನನ್ನ ಮುಖ ಕೆಂಪಗೆ, ಕೂದಲು ಒದ್ದೆ, ಒಂದು ಕಾಲಿನ ಚಪ್ಪಲಿ ನೀರುಪಾಲು. ನಾನು ಅತ್ತೆಯನ್ನು ತಬ್ಬಿಕೊಂಡೆ. ಅವರು ನನ್ನ ಬೆನ್ನು ಸವರುತ್ತ, “ಕೀಲು ತೆಗೆದು ನೋಡ್ರೋ ಮೊದ್ಲು” ಎಂದರು.

ಕೀಲು ಬಳೆಯಿಂದ ಎದ್ದು ಹೋಗದ ಹಾಗೆ ಅದರ ತುದಿಯಲ್ಲಿ ಒಂದು ಸಣ್ಣ ತಡೆಪಿನ್ನು ಇರುತ್ತದೆ. ಅದನ್ನು ತೆಗೆದು, ಹಲಗೆಯನ್ನು ಎತ್ತಿ ಕಟ್ಟೆಯ ಮೇಲೆ ಮಲಗಿಸಿದೆವು. ನೋಡಿದರೆ ಎರಡು ಕೀಲೂ ಬುಡದಲ್ಲಿ ದಪ್ಪಗೆ, ಹೊಳೆಯುತ್ತಿದ್ದವು. ಕೆಳಗೆ, ನೀರಿನಲ್ಲಿರುವಾಗ ಬಳೆ ಉಜ್ಜುವ ಜಾಗದಲ್ಲಿ, ನೆಕ್ಕಿ ನೆಕ್ಕಿ ಸಣ್ಣಗಾದ ಐಸ್‌ಕ್ಯಾಂಡಿಯ ಹಾಗೆ ಸವೆದುಹೋಗಿದ್ದವು. ದಡದಲ್ಲಿ ಬಳೆಯೊಳಗೆ ಕೂರುವುದು ದಪ್ಪ ಬುಡ, ನೀರಿನಲ್ಲಿ ಕೂರುವುದು ಈ ಸವೆದ ಭಾಗ. ದಡದಲ್ಲಿ ಎಷ್ಟು ಜಗ್ಗಿದರೂ ಸಿಕ್ಕುವುದು ಹೇಗೆ!

“ಇದು ಹಿತ್ತಾಳೆ” ಎಂದೆ. ಬೆರಳಲ್ಲಿ ಉಜ್ಜಿದರೇ ಗೊತ್ತಾಗುತ್ತಿತ್ತು. “ಬಳೆ ಗಟ್ಟಿ ಕಂಚು, ಕೀಲು ಮೆತ್ತನೆ ಹಿತ್ತಾಳೆ. ಸವೀದೆ ಏನಾಗುತ್ತೆ? ಯಾವ ಮಹಾನುಭಾವ ಹಾಕ್ಸಿದ್ದು?”

ಗಂಡ ಸಮುದ್ರದ ಕಡೆ ನೋಡುತ್ತಿದ್ದರು.

“ಹಳೇದು ಕಪ್ಪಗಿತ್ತು” ಎಂದರು ಆಮೇಲೆ. “ಇದು ಚೆನ್ನಾಗಿ ಹೊಳೀತಿತ್ತು. ತೆಗೆದು ಹಾಕೋಕೆ ಸುಲಭ ಆಗ್ಲಿ ಅಂತ ಸ್ವಲ್ಪ ಉದ್ದ ಬೇರೆ ಮಾಡಿಸ್ದೆ.” ಅದಕ್ಕೇ ಚುಕ್ಕಾಣಿಗೆ ಮೇಲೇಳಲು ಅಷ್ಟು ಜಾಗ ಸಿಕ್ಕಿತ್ತು. ತಮ್ಮ ಕೈಯಾರೆ ಮಾಡಿದ ಎಡವಟ್ಟನ್ನು ಹೆತ್ತಮ್ಮನ ಕೈಗೆ ಕಟ್ಟಿದ್ದರು ಈ ಪುಣ್ಯಾತ್ಮ. ನಾನು ಬಾಯಿ ತೆರೆದೆ. ಒಂದು ವಾರದ ಬೈಗುಳ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿತ್ತು. ಆದರೆ ಅವರ ಮುಖ ನೋಡಿ ಬಾಯಿ ಮುಚ್ಚಿದೆ.

“ಅಮ್ಮಾ…” ಎಂದರು.

“ಆಮೇಲೆ ಅಳುವಿಯಂತೆ. ಲೇತ್ ಅಂಗಡಿ ಮಧ್ಯಾಹ್ನಕ್ಕೆ ಮುಚ್ತಾರೆ, ಓಡು” ಎಂದರು ಅತ್ತೆ.

ಓಡಿದೆವು. ನಾನು ಒಂದೇ ಚಪ್ಪಲಿಯಲ್ಲಿ. ಹೊರಡುವ ಮುಂಚೆ ಒಂದು ಬುದ್ಧಿವಂತಿಕೆ ಮಾಡಿದ್ದೆ: ಬಳೆ ದೋಣಿಗೇ ಅಂಟಿಕೊಂಡಿದೆ, ಅದನ್ನು ಕಿತ್ತು ಒಯ್ಯುವ ಹಾಗಿಲ್ಲ. ಅದಕ್ಕೆ ತೂತು ಕೊರೆಯುವ ಡ್ರಿಲ್ ಬಿಟ್ಟುಗಳನ್ನು ಒಂದೊಂದಾಗಿ ಬಳೆಯ ತೂತಿಗೆ ಹಾಕಿ ನೋಡಿ, ಅಲುಗದೆ ಕೂತ ಒಂದನ್ನು ಅಳತೆಗೆ ಜೇಬಿನಲ್ಲಿ ಹಾಕಿಕೊಂಡಿದ್ದೆ. ಲೇತಿನ ಯಜಮಾನರು ಕೈ ತೊಳೆದು, ಶುಭ್ರವಾದ ಅಂಗಿ ತೊಟ್ಟು, ಅಂಗಡಿಯ ಷಟರ್ ಅರ್ಧ ಇಳಿಸಿದ್ದರು. ಗಂಡ ಷಟರಿನ ಕೆಳಗೆ ತೂರಿ ಒಳಗೆ ಹೋಗಿ ನಿಂತುಬಿಟ್ಟರು.

“ಸೋಮವಾರ ಬನ್ನಿ” ಎಂದರು ಯಜಮಾನರು.

“ಸೋಮವಾರ ಆಗಲ್ಲ. ನಾಳೆ ನಮ್ಮಮ್ಮ ಪಂದ್ಯದಲ್ಲಿ ಚುಕ್ಕಾಣಿ ಹಿಡೀಬೇಕು.”

“ಎರಡು ಬೆರಳಿನವರಾ?” ಎಂದರು ಯಜಮಾನರು. ಗಂಡ ಹೌದು ಎಂದರು. ಅವರು ಮತ್ತೇನೂ ಕೇಳದೆ ಶುಭ್ರವಾದ ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದರು.

ತುಕ್ಕು ಹಿಡಿಯದ ಗಟ್ಟಿ ಸ್ಟೀಲಿನ ಸರಳು ಲೇತಿನಲ್ಲಿ ತಿರುಗತೊಡಗಿತು. ಸುರುಳಿ ಸುರುಳಿಯಾಗಿ ಚೂರು ಹಾರಿತು, ಎಣ್ಣೆ ಸುಟ್ಟ ವಾಸನೆ ಬಂತು. ನನಗೆ ಆ ವಾಸನೆ ಎಂದರೆ ಪ್ರಾಣ. ಯಜಮಾನರು ಸ್ವಲ್ಪ ಕೊರೆಯುವುದು, ಅಳೆಯುವುದು, ಮತ್ತೆ ಸ್ವಲ್ಪ ಕೊರೆಯುವುದು. ಗಂಡ ಉಗುರು ಕಚ್ಚುತ್ತ ಅವರ ಹೆಗಲ ಮೇಲಿಂದ ಇಣುಕುತ್ತಿದ್ದರು. ಕೀಲು ಕೈಗಿಡುತ್ತ ಯಜಮಾನರು, “ಕೈಯಲ್ಲಿ ಒತ್ತಿದ್ರೆ ಇಳೀಬೇಕು, ಸುತ್ತಿಗೆ ಮುಟ್ಟಿಸ್ಬೇಡಿ” ಎಂದರು.

ಇನ್ನೊಂದು ಕೆಲಸ ಉಳಿದಿತ್ತು. ಚುಕ್ಕಾಣಿ ಮತ್ತೆ ಮೇಲೇಳದ ಹಾಗೆ ಬಳೆಗೂ ತಡೆಪಿನ್ನಿಗೂ ನಡುವಿನ ಸಂದು ತುಂಬಬೇಕು. ಅದಕ್ಕೆ ನೀರಿಗೆ ಹೆದರದ ದಪ್ಪ ಪ್ಲಾಸ್ಟಿಕ್ಕಿನ ಬಿಲ್ಲೆ ಬೇಕು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಬಿಳಿ ಹಲಗೆ ಕಣ್ಣಿಗೆ ಬಿತ್ತು. ನಾದಿನಿ ಈರುಳ್ಳಿ ಹಿಡಿದುಕೊಂಡು ಹಲಗೆ ಹುಡುಕುವಷ್ಟರಲ್ಲಿ ನಾನು ಅದರಲ್ಲಿ ನಾಲ್ಕು ಬಿಲ್ಲೆ ಕೊರೆದು ಮುಗಿಸಿದ್ದೆ. ಅವಳು ಕೈಯಲ್ಲೇ ಈರುಳ್ಳಿ ಹೆಚ್ಚಿ, ಬಾಯಲ್ಲಿ ನನ್ನನ್ನೂ ಹೆಚ್ಚಿದಳು.

ಇಳಿಬಿಸಿಲಿನಲ್ಲಿ ಹಲಗೆಯನ್ನು ಮತ್ತೆ ತೂಗಿಹಾಕಿದೆವು. ಹೊಸ ಕೀಲು ಬಳೆಯೊಳಗೆ ಕೈ ಒತ್ತಿದಷ್ಟಕ್ಕೆ ಸದ್ದಿಲ್ಲದೆ ಇಳಿಯಿತು. ಕೆಳಗೆ ಬಿಲ್ಲೆ, ಅದರ ಕೆಳಗೆ ತಡೆಪಿನ್ನು. ನಾನೂ ಗಂಡನೂ ದೋಣಿಯನ್ನು ನೀರಿಗಿಳಿಸಿ ಒಂದು ಸುತ್ತು ಹೋದೆವು. ಅವರು ಎರಡು ಬೆರಳಲ್ಲಿ ಹಿಡಿದಿದ್ದರು. ದೋಣಿ ವೇಗ ಹಿಡಿಯಿತು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ, ಅವರು ನನ್ನ ಮುಖವನ್ನು ನೋಡುತ್ತಿದ್ದರು. ಟಕ್ ಇಲ್ಲ. ಏನೂ ಇಲ್ಲ. ಇಬ್ಬರೂ ಹುಚ್ಚರ ಹಾಗೆ ಕೂಗಿಕೊಂಡೆವು.

ಆದರೆ ಅತ್ತೆ ಬಂದು ಹಿಡಿದು ನೋಡಲಿಲ್ಲ. ಸರಿಹೋಯಿತು ಎಂದು ಓಡಿಬಂದು ಹೇಳಿದಾಗ, “ಒಳ್ಳೇದಾಯ್ತು” ಎಂದು ಹಾಯಿ ಮಡಿಸತೊಡಗಿದರು. ಭಾನುವಾರ ಬೆಳಿಗ್ಗೆ ಅವರು ಕಟ್ಟೆಯ ಮೇಲೆ ನಡೆದು ಬಂದರು. ಅವರ ಕಂಕುಳಲ್ಲಿ ಮೆತ್ತೆ ಇತ್ತು. ನೇರವಾಗಿ ಮುಂಭಾಗಕ್ಕೆ ಹೋಗಿ, ಮೆತ್ತೆ ಹಾಕಿ, ನಮಗೆ ಬೆನ್ನು ಮಾಡಿ ಕೂತರು.

“ಅತ್ತೆ, ಹಿಂದೆ ಬನ್ನಿ.”

“ಬೇಡಮ್ಮ. ಅಷ್ಟೊಂದು ಜನ, ಅಷ್ಟೊಂದು ದೋಣಿ. ಒಂದು ವಾರದಿಂದ ಈ ಕೈ ಮೇಲೆ ನಂಗೇ ನಂಬಿಕೆ ಹೋಗಿದೆ. ಅವನೇ ಹಿಡೀಲಿ.”

ಇದಕ್ಕೆ ಲೇತಿನಲ್ಲಿ ಕೊರೆದು ಹಾಕುವ ಕೀಲು ಎಲ್ಲಿದೆ? ಗಂಡ ಚುಕ್ಕಾಣಿ ಹಿಡಿದು ಕೂತಿದ್ದರು. ಸಾಲಿಗೆ ಬಂದೆವು. ಅಕ್ಕಪಕ್ಕದಲ್ಲೆಲ್ಲ ದೋಣಿಗಳು, ಹಾಯಿಗಳು, ಬೈಗುಳಗಳು. ಒಬ್ಬರ ಮೂತಿ ಇನ್ನೊಬ್ಬರ ಪಕ್ಕೆಗೆ ತಾಗುವಷ್ಟು ಒತ್ತೊತ್ತು. ದಡದಲ್ಲಿ ಹೊರಡುವ ಬಾವುಟ ಮೇಲೇರತೊಡಗಿತು. ಆಗ ನನ್ನ ಗಂಡ ಒಂದು ಕೆಲಸ ಮಾಡಿದರು. ನಮ್ಮ ಮದುವೆಯಾದಂದಿನಿಂದ ಅವರು ಮಾಡಿದ ಕೆಲಸಗಳಲ್ಲೆಲ್ಲ ನನಗೆ ಅತ್ಯಂತ ಇಷ್ಟವಾದದ್ದು ಅದೇ. ಹಿಡಿಯನ್ನು ಬಿಟ್ಟು ಎದ್ದು, ಮುಂದೆ ಬಂದು, ಹಾಯಿಯ ಹಗ್ಗ ಹಿಡಿದು ನಿಂತರು. ಹಿಂದೆ ಚುಕ್ಕಾಣಿ ಅನಾಥವಾಗಿ ತೂಗಾಡುತ್ತಿತ್ತು.

“ಏನೋ ಮಾಡ್ತಿದೀಯ! ಚುಕ್ಕಾಣಿ ಹಿಡ್ಕೊಳ್ಳೋ!” ಎಂದು ಅತ್ತೆ ಕೂಗಿದರು.

“ನಂಗೆ ಎರಡು ಬೆರಳಲ್ಲಿ ಹಿಡಿಯೋಕೆ ಬರಲ್ಲಮ್ಮ. ನಿಂಗೇ ಗೊತ್ತಲ್ಲ.”

ಗಾಳಿ ಹಾಯಿಗೆ ತುಂಬಿತು. ಯಾರೂ ನಡೆಸುವವರಿಲ್ಲದ ದೋಣಿ ಬಲಗಡೆಯ ನೀಲಿ ದೋಣಿಯ ಕಡೆ ವಾಲಿಕೊಂಡು ಹೊರಟಿತು. ನೀಲಿ ದೋಣಿಯವರು ಬೊಬ್ಬೆ ಹೊಡೆದರು. ನಾದಿನಿ ಕಣ್ಣು ಮುಚ್ಚಿಕೊಂಡಳು. “ಅತ್ತೇ!” ಎಂದು ನಾನು ಗಂಟಲು ಹರಿಯುವ ಹಾಗೆ ಕಿರುಚಿದೆ. “ಕತ್ತೆ, ದಡ್ಡ, ನಿಮ್ಮಪ್ಪನ ಥರಾನೇ!” ಎನ್ನುತ್ತ ಅತ್ತೆ ಮೆತ್ತೆ ಬಿಟ್ಟು ಎದ್ದರು. ಹಗ್ಗ ದಾಟಿ, ನನ್ನ ತೊಡೆ ತುಳಿದು, ಹಿಂದಕ್ಕೆ ಧಾವಿಸಿ ಹಿಡಿಯನ್ನು ಹಿಡಿದರು. ನೀಲಿ ದೋಣಿ ನಮ್ಮ ಪಕ್ಕೆಯನ್ನು ಸವರಿದಷ್ಟು ಹತ್ತಿರ ಸರಿದುಹೋಯಿತು. ನಮ್ಮ ದೋಣಿ ಮೂತಿ ನೆಟ್ಟಗೆ ಮಾಡಿಕೊಂಡಿತು. ಬಾವುಟ ತುದಿ ಮುಟ್ಟಿತು.

ಆಮೇಲಿನದನ್ನು ಹೇಗೆ ಹೇಳಲಿ! ದೋಣಿ ಹಾರಿತು. ಹಿಂದೆ ನೀರಿನ ಮೇಲೆ ನಮ್ಮ ಜಾಡು ಸೀದಾ ಗೆರೆ ಎಳೆದ ಹಾಗೆ ಬೀಳುತ್ತಿತ್ತು. “ಎಳಿ! ಇನ್ನೂ ಎಳಿ! ಈಗ ಬಿಡು!” ಎಂದು ಅತ್ತೆ ಹಿಂದಿನಿಂದ ಆಜ್ಞೆ ಮಾಡುತ್ತಿದ್ದರು. ಒಂದು ದೋಣಿಯನ್ನು ದಾಟಿದೆವು, ಇನ್ನೊಂದನ್ನು ದಾಟಿದೆವು, ನಾದಿನಿ ಕಣ್ಣು ಬಿಟ್ಟು ಅವರಿಗೆ ಕೈಬೀಸಿದಳು. ನಾನು ಅಂಚಿನ ಮೇಲೆ ನನ್ನ ಭಾರವನ್ನೆಲ್ಲ ಹಾಕಿ ಕೂತು ಮೈಯೆಲ್ಲ ಉಪ್ಪುನೀರು ಮಾಡಿಕೊಂಡು ನಗುತ್ತಿದ್ದೆ. ತಿರುವಿನಲ್ಲಿ ಮೂರು ದೋಣಿ ಒಟ್ಟಿಗೆ ನುಗ್ಗಿದವು. ಅತ್ತೆ ಹಿಡಿಯನ್ನು ಒಂದಿಷ್ಟೇ ತಳ್ಳಿದರು. ದೋಣಿ ಅವೆಲ್ಲವುಗಳ ಒಳಗಿಂದ ನುಸುಳಿ, ತಿರುಗಿ, ಮುಂದೆ ಬಂತು.

ಆಗ ಗಂಡ ಹಿಂದೆ ತಿರುಗಿ ಅಮ್ಮನನ್ನು ನೋಡಿದರು. ಅವರ ನಗು ಅಲ್ಲೇ ನಿಂತುಹೋಯಿತು. ನಾನೂ ತಿರುಗಿದೆ. ಹಿಡಿಯ ಮೇಲೆ ಅತ್ತೆಯ ಎರಡು ಬೆರಳಿದ್ದವು. ಕೋಲು ಒಂದಿಷ್ಟೂ ಅಲುಗುತ್ತಿರಲಿಲ್ಲ. ಕೈ ನಡುಗುತ್ತಿತ್ತು. ಚೆನ್ನಾಗಿಯೇ ನಡುಗುತ್ತಿತ್ತು. ಗಂಡ ನನ್ನ ಮುಖ ನೋಡಿದರು.

“ಅಮ್ಮಾ, ಕೈ…”

“ಗೊತ್ತು ಕಣೋ, ನಡುಗ್ತಾ ಇದೆ” ಎಂದರು ಅತ್ತೆ, ಮುಂದಿನ ನೀರಿನಿಂದ ಕಣ್ಣು ತೆಗೆಯದೆ. ಅವರ ಕೆನ್ನೆಯೆಲ್ಲ ಒದ್ದೆಯಾಗಿತ್ತು. “ಖುಷಿಗೆ. ನೀನು ಹಾಯಿ ನೋಡು.”

ಗಂಡ ಮುಂದೆ ತಿರುಗಿ ಹಗ್ಗ ಎಳೆದರು.